ಮೂರನೆಯ ಡಬ್ಬ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಮೋಟರು. ಕಟ್ಟಡದ ತೊಟ್ಟಿಯಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಆ ಮೋಟರು ಕನ್ನಡಕದ ಅಂಗಡಿ ನಡೆಸುವ ಕನ್ನಡಕದಣ್ಣನ ಅಡುಗೆಮನೆ ಕಿಟಕಿಯ ಕೆಳಗೇ ಇತ್ತು. ಒಂದು ದಿನ ಅದು ಗಂಟಲಿಗೆ ಏನೋ ಸಿಕ್ಕಿಕೊಂಡವರ ಹಾಗೆ ಗೊರಗೊರ ಎನ್ನತೊಡಗಿತು. ಪ್ಲಂಬರಿಗೆ ಫೋನ್ ಮಾಡಿದರೆ ಅವನು, "ನಾನು ಬಂದಾಗ ಅದು ಸುಮ್ನಾಗ್ಬಿಡತ್ತೆ ಸಾರ್, ಡಾಕ್ಟ್ರ ಮುಂದೆ ಕೆಮ್ಮು ನಿಂತ ಹಾಗೆ. ಸದ್ದು ಮಾಡೋವಾಗ ರೆಕಾರ್ಡ್ ಮಾಡಿ ಕಳ್ಸಿ" ಎಂದ. ಕನ್ನಡಕದಣ್ಣ ಕಿಟಕಿಗೆ ಫೋನ್ ಹಿಡಿದು ರೆಕಾರ್ಡ್ ಮಾಡಿ ಕಳಿಸಿದ. ಪ್ಲಂಬರ್ ಬಂದು ಏನನ್ನೋ ಬದಲಾಯಿಸಿ ಹೋದ. ಮೋಟರು ಸರಿಹೋಯಿತು.

ಆದರೆ ಆ ರೆಕಾರ್ಡಿಂಗಿನಲ್ಲಿ ಮೋಟರು ಒಂದೇ ಇರಲಿಲ್ಲ. ಅದರ ಗೊರಗೊರದ ಹಿಂದೆ, ಒಲೆಯ ಮುಂದೆ ನಿಂತು, ಅವನ ಹೆಂಡತಿ ಹಾಡಿಕೊಳ್ಳುತ್ತಿದ್ದಳು. ಯಾವುದೋ ಹಳೆಯ ಹಾಡು. ಅವಳಿಗೆ ಮೊದಲನೆಯ ಸಾಲು ಮಾತ್ರ ಗೊತ್ತು. ಎರಡನೆಯ ಸಾಲು ಬಂದಾಗ "ನನ ನಾನ ನಾ" ಎಂದು ಗುಂಡಿ ಮುಚ್ಚಿ ಮತ್ತೆ ಮೊದಲನೆಯದಕ್ಕೇ ಬರುತ್ತಿದ್ದಳು. ನಡುವೆ ಒಮ್ಮೆ ನಿಲ್ಲಿಸಿ, "ರೀ, ಹಾಲು ಉಕ್ತಾ ಇದೆ, ಸ್ವಲ್ಪ ನೋಡ್ರೀ" ಎನ್ನುತ್ತಿದ್ದಳು. ಆಮೇಲೆ ಮತ್ತೆ ಹಾಡು.

ಅವಳು ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಆಸ್ಪತ್ರೆಯವರು ಇನ್ನೊಂದು ಊರಿನಲ್ಲಿ ಹೊಸ ಶಾಖೆ ತೆರೆದು, ಅಲ್ಲಿನ ಹೊಸ ಹುಡುಗಿಯರಿಗೆ ಕೆಲಸ ಕಲಿಸಲು ಒಂದು ವರ್ಷಕ್ಕೆಂದು ಅವಳನ್ನು ಕಳಿಸಿದರು. ಅವಳು ಹೋದ ಮೇಲೆ ಮನೆಯಲ್ಲಿ ಗಡಿಯಾರದ ಸದ್ದು ಕೇಳತೊಡಗಿತು. ಅದು ಇಷ್ಟು ಗಟ್ಟಿಯಾಗಿ ಬಡಿದುಕೊಳ್ಳುತ್ತದೆ ಎಂದು ಕನ್ನಡಕದಣ್ಣನಿಗೆ ಆವರೆಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಜಾಗ ಸಾಲದೆ ಬೇಡದ್ದನ್ನೆಲ್ಲ ಅಳಿಸುತ್ತ ಕೂತಿದ್ದಾಗ 'ಮೋಟರು' ಎಂಬ ರೆಕಾರ್ಡಿಂಗ್ ಕಂಡಿತು. ಅಳಿಸುವ ಮೊದಲು ಒಮ್ಮೆ ಕೇಳೋಣ ಎಂದು ಒತ್ತಿದ. ಆಮೇಲೆ ಅಂಗಡಿಗೆ ಹೋಗುವುದು ತಡವಾಯಿತು.

ಅಂದಿನಿಂದ ದಿನವೂ ಅದೇ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂಬಂತೆ ಫೋನು ಒಂದನ್ನೇ ಹಾಡುತ್ತಿತ್ತು, ಅವನು ಅದೊಂದನ್ನೇ ಕೇಳುತ್ತಿದ್ದ. ಆದರೆ ಫೋನಿನ ಪುಟ್ಟ ಸ್ಪೀಕರಿನಲ್ಲಿ ಅವಳ ದನಿ ಬೆಂಕಿಪೊಟ್ಟಣದಲ್ಲಿ ಕೂಡಿಹಾಕಿದ ಜೀರುಂಡೆಯಂತೆ ಕೇಳುತ್ತಿತ್ತು. ನಿಜವಾಗಿ ಹಾಡು ಎಂದರೆ ಅವಳು ಹಾಡುವವಳಲ್ಲ. ಒಮ್ಮೆ ಸಂಕೋಚ ಬಿಟ್ಟು ಫೋನಿನಲ್ಲಿ ಕೇಳಿದ್ದಕ್ಕೆ, "ಏನ್ರೀ ಇದು, ವಾರ್ಡಲ್ಲಿ ನಿಂತಿದೀನಿ" ಎಂದು ನಕ್ಕು ಇಟ್ಟಿದ್ದಳು.

ವರ್ಷ ಮುಗಿಯುತ್ತ ಬಂತು. ಇನ್ನೇನು ಬರುತ್ತಾಳೆ ಎಂದುಕೊಳ್ಳುವಷ್ಟರಲ್ಲಿ ಒಂದು ದಿನ ಅವಳ ಫೋನು.

"ಇನ್ನೊಂದು ವರ್ಷ ಇಲ್ಲೇ ಇರ್ತೀರಾ ಅಂತ ಕೇಳ್ತಿದಾರೆ. ನಾಳೆ ಸಂಜೆ ಒಳಗೆ ಮೇಡಂಗೆ ಹೇಳ್ಬೇಕು. ನೀವೇನಂತೀರಿ?"

ಬೇಡ, ಬಂದುಬಿಡು, ನೀನಿಲ್ಲದೆ ನನಗೆ ಆಗುತ್ತಿಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಅವನ ಬಾಯಿಂದ ಬಂದದ್ದು, "ನಿನ್ನಿಷ್ಟ."

"ನನ್ನಿಷ್ಟ ನಂಗೊತ್ತು. ನಿಮ್ದೇನು ಅಂತ ಕೇಳ್ದೆ."

"ನಂದೇನಿದೆ. ಊಟ ತಿಂಡಿ ನಡೀತಿದೆ. ನಿನ್ನ ಕೆಲಸ ನೀನು ನೋಡ್ಕೊ."

ಅವಳು "ಸರಿ" ಎಂದು ಇಟ್ಟಳು.

ಹೆಂಡತಿಯ ಏಳಿಗೆಗೆ ಅಡ್ಡ ಬರಬಾರದು ಎಂಬ ದೊಡ್ಡ ಮನಸ್ಸು ಒಂದು ಕಡೆ, ನೀನು ಬೇಕು ಎಂದು ಬಾಯಿಬಿಟ್ಟು ಹೇಳಲು ನಾಚಿಕೆ ಇನ್ನೊಂದು ಕಡೆ. ನಿಜ ಹೇಳಬೇಕೆಂದರೆ ನಾಚಿಕೆಯ ಪಾಲೇ ಹೆಚ್ಚು. ಇನ್ನೊಂದು ವರ್ಷ ಇದೇ ಗಡಿಯಾರ, ಇದೇ ಜೀರುಂಡೆ. ಹೋಗಲಿ, ದನಿಯಾದರೂ ಮನೆ ತುಂಬಲಿ, ಅಡುಗೆಮನೆಯಲ್ಲಿ ಅವಳೇ ನಿಂತ ಹಾಗೆ ಕೇಳಲಿ ಎಂದು ಒಂದು ಒಳ್ಳೆಯ ಸ್ಪೀಕರ್ ತರಲು ನಿರ್ಧರಿಸಿದ. ಬೇಲೀಲಿ ಹೋಗೋದನ್ನ ಕರೆದು ಹೆಗಲ ಮೇಲೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಅವನ ಭಾವಮೈದನದು ಸೌಂಡ್ ಸಿಸ್ಟಂ ಅಂಗಡಿ. ಹೆಂಡತಿಯ ತಮ್ಮ, ಮಾತಿನ ಮಲ್ಲ. ಮರುದಿನ ಕನ್ನಡಕದ ಅಂಗಡಿಗೆ ವಾರದ ರಜೆ. ಬೆಳಗಾಗುತ್ತಲೇ ಭಾವಮೈದ ಮೂರು ಡಬ್ಬ ಹೊತ್ತು ಬಂದ.

"ಮೂರು ತರ ತಂದಿದೀನಿ ಭಾವ. ಈ ಉದ್ದದ್ದು ಒಂದನೇದು, ಹಾಕಿದ್ರೆ ಗೋಡೆ ನಡುಗತ್ತೆ. ಈ ಮರದ್ದು ಎರಡನೇದು, ಹಳೇ ಕಾಲದ ಮಾಲು. ಮೂರನೇದು ನೋಡಿ, ಇಷ್ಟೇ ಇಷ್ಟು, ಆದ್ರೆ ಇದಕ್ಕೆ ಬುದ್ಧಿ ಇದೆ."

"ಬುದ್ಧಿ ಅಂದ್ರೆ?"

"ಒಳಗೆ ಕಂಪ್ಯೂಟರ್ ಇದೆ ಭಾವ. ಹಾಡಿನ ಹಿಂದೆ ಏನಾದ್ರೂ ಗಲಾಟೆ ಇದ್ರೆ ತೆಗೆದು ಹಾಕತ್ತೆ. ಎಲ್ಲಾದ್ರೂ ಕೊರತೆ ಇದ್ರೆ ತಾನೇ ತುಂಬ್ಕೊಳತ್ತೆ."

ಸೊಸೆ ಹುಡುಕುವ ಅತ್ತೆಯಂತೆ ಕನ್ನಡಕದಣ್ಣ ಮೂರನ್ನೂ ತಿರುಗಿಸಿ ನೋಡಿದ. ನೋಡಿದಷ್ಟೂ ಉದ್ದದ್ದೇ ಚೆನ್ನಾಗಿ ಕಂಡಿತು. ಅಲ್ಲಿಗೇ ಅವನಿಗೆ ಅನುಮಾನ ಬಂತು. ಅವನ ಕಸುಬಿನಲ್ಲಿ ಅವನು ಕಂಡ ಸತ್ಯ ಅದು: ದುಬಾರಿ ಫ್ರೇಮಿನಲ್ಲಿ ಹಾಕಿ ಕೊಟ್ಟರೆ ಅದೇ ಗಾಜು ಜನಕ್ಕೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

"ನೋಡ್ಕೊಂಡು ಕೇಳಿದ್ರೆ ಕಣ್ಣೇ ತೀರ್ಪು ಕೊಟ್ಬಿಡತ್ತೆ ಕಣಯ್ಯಾ. ಯಾವ ಡಬ್ಬ ಅಂತ ಗೊತ್ತಾಗ್ದೆ ಕೇಳ್ಬೇಕು. ನಾನು ಗಿರಾಕಿಗೆ ಗಾಜು ಬದಲಾಯಿಸ್ತಾ ಇದು ಚೆನ್ನಾಗಿದ್ಯಾ, ಅದು ಚೆನ್ನಾಗಿದ್ಯಾ ಅಂತ ಕೇಳಲ್ವಾ, ಹಾಗೆ."

ಹಜಾರದ ನಡುವೆ ಹಗ್ಗ ಕಟ್ಟಿ ಮಂಚದ ಹೊದಿಕೆ ಇಳಿಬಿಟ್ಟರು. ಹಿಂದೆ ಡಬ್ಬಗಳು, ಭಾವಮೈದ, ಅವನ ತಂತಿಗಳು. ಕಿಟಕಿಯ ಬೆಳಕಿಗೆ ಡಬ್ಬಗಳ ನೆರಳು ಹೊದಿಕೆಯ ಮೇಲೆ ಬಿದ್ದದ್ದರಿಂದ ಕನ್ನಡಕದಣ್ಣ ಅಂಗಡಿಯಿಂದ ಮನೆಗೆ ತಂದಿಟ್ಟಿದ್ದ, ಕಣ್ಣು ಪರೀಕ್ಷೆಗೆ ಹಾಕುವ ಗುಂಡು ಫ್ರೇಮನ್ನು ತೆಗೆದು, ಎರಡೂ ಕಣ್ಣಿಗೆ ಕಪ್ಪು ಬಿಲ್ಲೆ ಸಿಕ್ಕಿಸಿಕೊಂಡು ಕುರ್ಚಿಯ ಮೇಲೆ ಕೂತ. ಮೊದಲನೆಯ ಡಬ್ಬ ಶುರುವಾಯಿತು. ಗೋಡೆ ನಡುಗುತ್ತದೆ ಎಂದದ್ದು ಸುಳ್ಳಾಗಿರಲಿಲ್ಲ. ಮೋಟರಿನ ಗೊರಗೊರ ಗುಡುಗಿನಂತೆ ಎದ್ದಿತು.

ಎದುರುಮನೆಯ ಟೈಲರಮ್ಮ ಹೊಲಿಗೆ ಬಿಟ್ಟು ಬಂದರು. "ಅಣ್ಣಾ, ಮೋಟ್ರು ಮತ್ತೆ ಕೆಟ್ಟಿದ್ಯಾ? ನಿಮ್ಮನೆ ಒಳಗೇ ಬಂದ ಹಾಗಿದೆ..." ಎಂದವರು ಕಪ್ಪು ಬಿಲ್ಲೆಯ ಮುಖ ನೋಡಿ ಬಾಗಿಲಲ್ಲೇ ನಿಂತರು. ಆ ಹೊತ್ತಿಗೆ ಸರಿಯಾಗಿ ಡಬ್ಬದೊಳಗಿಂದ, "ರೀ, ಹಾಲು ಉಕ್ತಾ ಇದೆ" ಎಂಬ ಮಾತು ಬಂತು. ಟೈಲರಮ್ಮ "ಅಯ್ಯೋ" ಎನ್ನುತ್ತ ಅಡುಗೆಮನೆಗೆ ಓಡಿದರು. ಒಲೆ ಹಚ್ಚಿಯೇ ಇರಲಿಲ್ಲ.

"ನಿಮ್ಮನೆಯವ್ರು ಯಾವಾಗ ಬಂದ್ರು? ಎಲ್ಲಿದಾರೆ?" ಎಂದು ಅವರು ಸುತ್ತ ನೋಡಿದರು.

"ಅಕ್ಕ ಬಂದಿಲ್ಲ. ಅದು ಸ್ಪೀಕರು" ಎಂದು ಹೊದಿಕೆಯ ಹಿಂದಿನಿಂದ ಭಾವಮೈದ ಹೇಳಿದ.

ಇದನ್ನೆಲ್ಲ ಕೇಳಿಸಿಕೊಂಡು ಮೇಲಿನ ಮನೆಯ ಮೇಷ್ಟ್ರು ಇಳಿದು ಬಂದರು. ನಿವೃತ್ತ ಗಣಿತದ ಮೇಷ್ಟ್ರು. ಎಲ್ಲೇ ಪರೀಕ್ಷೆ ಎಂಬ ಮಾತು ಬಿದ್ದರೂ ಅಲ್ಲಿಗೆ ಮೇಲ್ವಿಚಾರಕರಾಗಿ ಹೋಗದೆ ಅವರಿಗೆ ತಡೆಯದು.

"ಒಬ್ಬರೇ ಕೇಳಿದ್ರೆ ಅದು ಅಭಿಪ್ರಾಯ. ಮೂವರು ಕೇಳಿದ್ರೆ ಅದು ಫಲಿತಾಂಶ" ಎಂದು ಅವರು ಕುರ್ಚಿ ಎಳೆದುಕೊಂಡರು. "ಹತ್ತಕ್ಕೆ ಅಂಕ ಕೊಡೋಣ. ಅಕ್ಕಪಕ್ಕ ಮಾತಿಲ್ಲ. ಟೈಲರಮ್ಮ, ನೀವೂ ಕೂತ್ಕೊಳ್ಳಿ."

"ನಂಗೆ ಬ್ಲೌಸ್ ಕೊಡೋದಿದೆ" ಎನ್ನುತ್ತ ಟೈಲರಮ್ಮ ಕೂತರು.

ಒಂದನೆಯ ಡಬ್ಬವನ್ನು ಮತ್ತೆ ಹಾಕಿದರು. ಅಷ್ಟರಲ್ಲಿ ಇಡೀ ಕಟ್ಟಡಕ್ಕೆ ಮೋಟರಿನ ಸದ್ದು ಮುಟ್ಟಿತ್ತು. ನೀರು ಬಂತು ಎಂದುಕೊಂಡು ಪ್ರತಿ ಮನೆಯವರೂ ನಲ್ಲಿ ತಿರುಗಿಸಿ ಬಕೆಟ್ ಇಟ್ಟರು. ಟ್ಯಾಂಕಿನಲ್ಲಿದ್ದ ಚೂರುಪಾರು ನೀರೂ ಬಕೆಟ್ಟುಗಳಿಗೆ ಇಳಿದುಹೋಯಿತು. ಕೆಳಗೆ ವಾಚ್‌ಮನ್ ಬೆಚ್ಚಿದ. ಮೋಟರಿಗೆ ಹಳೆಯ ರೋಗ ಮರುಕಳಿಸಿದೆ, ಹೀಗೇ ಬಿಟ್ಟರೆ ಸುಟ್ಟೇ ಹೋಗುತ್ತದೆ ಎಂದು ಮೋಟರಿನ ಸ್ವಿಚ್ ಆರಿಸಿದ. ಸದ್ದು ನಿಲ್ಲಲಿಲ್ಲ. ಸ್ವಿಚ್ಚೇ ಕೆಟ್ಟಿದೆ ಎಂದುಕೊಂಡು ಕಟ್ಟಡದ ಮೇನ್ ಎಳೆದುಬಿಟ್ಟ. ಆಗ ನಿಂತಿತು.

ಮೇನ್ ಮತ್ತೆ ಹಾಕಿಸಲು ಭಾವಮೈದ ಕೆಳಗಿಳಿದು ವಾಚ್‌ಮನ್‌ಗೆ ವಿವರಿಸಬೇಕಾಯಿತು. "ಸ್ಪೀಕರಲ್ಲಿ ಮೋಟ್ರು ಸದ್ದು ಯಾಕೆ ಕೇಳ್ತೀರಾ?" ಎಂಬ ವಾಚ್‌ಮನ್‌ನ ಪ್ರಶ್ನೆಯನ್ನೇ ಹೊತ್ತು ಅವನು ವಾಪಸು ಬಂದು ಭಾವನನ್ನು ಕೇಳಿದ.

"ಹೌದು ಭಾವ, ಬೇರೆ ಹಾಡಿಲ್ವಾ? ನನ್ನ ಹತ್ರ ಸಾವಿರ ಇವೆ."

ಕನ್ನಡಕದಣ್ಣ ಬಿಲ್ಲೆಯ ಹಿಂದೆ ಕಣ್ಣು ಮುಚ್ಚಿಕೊಂಡ. "ಇದೇ ಇರ್ಲಿ. ಇದು ನಂಗೆ ರೂಢಿ" ಎಂದಷ್ಟೇ ಹೇಳಿದ. ಟೈಲರಮ್ಮನಿಗೆ ಏನೋ ಹೊಳೆದು ಅವರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಚಾವಣಿ ನೋಡಿದರು.

"ಒಂದನೇದಕ್ಕೆ ಅಂಕ ಹೇಳಿ" ಎಂದರು ಮೇಷ್ಟ್ರು.

"ಮೋಟ್ರಿಗೆ ಹತ್ತು, ಹಾಡಿಗೆ ಮೂರು" ಎಂದರು ಟೈಲರಮ್ಮ.

"ಹಾಗೆ ಬೇರೆ ಬೇರೆ ಕೊಡೋ ಹಾಗಿಲ್ಲ."

"ಹಾಗಾದ್ರೆ ನಡೂ ಮಧ್ಯ ಹಾಕ್ಕೊಳ್ಳಿ. ಬಟ್ಟೆ ಅಳತೆ ಹಾಗೇ ತಾನೆ."

ಎರಡನೆಯದು ಶುರುವಾಯಿತು. ಕನ್ನಡಕದಣ್ಣನ ಬೆನ್ನು ತಾನಾಗಿ ನೆಟ್ಟಗಾಯಿತು. ಗೊರಗೊರ ದೂರ ಹೋಗಿ ಕಿಟಕಿಯ ಆಚೆ ನಿಂತಿತ್ತು. ಒಲೆಯ ಹತ್ತಿರ, ಅವನಿಗೆ ಬೆನ್ನು ಹಾಕಿಕೊಂಡು, ಅವಳು ನಿಂತಿದ್ದಳು. ಸೌಟು ಪಾತ್ರೆಯ ಅಂಚಿಗೆ ತಾಗಿದ ಸದ್ದೂ ಕೇಳಿತು, ಅದು ಅವನಿಗೆ ಈವರೆಗೆ ಕೇಳಿರಲೇ ಇಲ್ಲ. "ನನ ನಾನ ನಾ" ಎಂದು ಅವಳು ಗುಂಡಿ ಮುಚ್ಚಿದಾಗ ಅವನ ತುಟಿಯೂ ಅಲುಗಿತು. ಅವನಿಗೆ ಅವಳು ಬೇಕಾಗಿದ್ದಳು, ಮತ್ತೇನಿಲ್ಲ. ಎದ್ದು ಹೋಗಿ ಭುಜ ಮುಟ್ಟಿದರೆ ತಿರುಗಿಯಾಳು ಎನಿಸಿತು. ಕೈ ನಿಜಕ್ಕೂ ಮುಂದೆ ಹೋಗಿ ಮೇಷ್ಟ್ರ ಮೂಗಿಗೆ ಬಡಿಯಿತು.

"ಪರೀಕ್ಷಾರ್ಥಿಗಳು ಕೈ ತಮ್ಮ ಹತ್ರ ಇಟ್ಕೋಬೇಕು" ಎಂದರು ಮೇಷ್ಟ್ರು, ಮೂಗು ಹಿಡಿದುಕೊಂಡು.

"ಒಂಬತ್ತು" ಎಂದ ಕನ್ನಡಕದಣ್ಣ.

"ನಂಗೇನೋ ಎರಡೂ ಒಂದೇ ಅನ್ಸತ್ತಪ್ಪ. ಅಳಿಯ ಅಲ್ಲ, ಮಗಳ ಗಂಡ" ಎಂದರು ಟೈಲರಮ್ಮ.

ಮೇಷ್ಟ್ರು ಒಪ್ಪಲಿಲ್ಲ. ಎರಡನೆಯದು ಮೆತ್ತಗಿದೆ, ಒಂದನೆಯದು ಜೋರಾಗಿದೆ, ಜೋರು ಸಮ ಮಾಡದೆ ಹೋಲಿಸುವುದು ಅನ್ಯಾಯ ಎಂದು ಎದ್ದು ಹೊದಿಕೆಯ ಹಿಂದೆ ಹೋದರು. "ಸಾರ್, ಅದನ್ನ ಮುಟ್ಬೇಡಿ" ಎಂದು ಭಾವಮೈದ ಹೇಳುವುದಕ್ಕೂ ಮೇಷ್ಟ್ರು ಮೂರನೆಯದರ ತಿರುಪನ್ನು ಬಲಕ್ಕೆ ಪೂರಾ ತಿರುಗಿಸುವುದಕ್ಕೂ ಸರಿಹೋಯಿತು. ಪಟ್ ಎಂದು ಒಂದು ಸದ್ದು. ಸುಟ್ಟ ವಾಸನೆ.

"ಬುದ್ಧಿ ಹೋಯ್ತು" ಎಂದ ಭಾವಮೈದ.

"ಯಾರದ್ದು?" ಎಂದರು ಮೇಷ್ಟ್ರು.

"ಡಬ್ಬದ್ದು ಸಾರ್. ಇರಿ, ಬಿಚ್ಚಿ ನೋಡ್ತೀನಿ. ಭಾವ, ನೀವು ಎದ್ದೇಳ್ಬೇಡಿ, ಬಿಲ್ಲೆ ತೆಗೀಬೇಡಿ, ಕಿವಿ ಹದ ತಪ್ಪತ್ತೆ. ಅಷ್ಟರಲ್ಲಿ ಕಾಫಿಗೆ ಹಾಲಿಡ್ತೀನಿ."

ಹಾಲಿಟ್ಟು ಬಂದು ಡಬ್ಬ ಬಿಚ್ಚಿದ. ಮೇಷ್ಟ್ರು ಟಾರ್ಚ್ ಹಿಡಿದು ಸಲಹೆ ಕೊಡತೊಡಗಿದರು. ಎರಡನೆಯದು ತನ್ನಷ್ಟಕ್ಕೆ ಮೆಲ್ಲಗೆ ಓಡುತ್ತಲೇ ಇತ್ತು, ಕನ್ನಡಕದಣ್ಣನ ಕೈ ಮತ್ತೆ ಮುಂದಕ್ಕೆ ಚಾಚಿಕೊಂಡಿತ್ತು. "ರೀ, ಹಾಲು ಉಕ್ತಾ ಇದೆ" ಎಂದಿತು. ಯಾರೂ ಏಳಲಿಲ್ಲ. ಟೈಲರಮ್ಮನಂತೂ, "ಇನ್ನು ಮೋಸ ಹೋಗಲ್ಲ" ಎಂದು ಕಾಲ ಮೇಲೆ ಕಾಲು ಹಾಕಿಕೊಂಡರು. ಅಡುಗೆಮನೆಯಲ್ಲಿ ಹಾಲು ಉಕ್ಕಿ, ಒಲೆಯೆಲ್ಲ ಹರಿದು, ನೆಲಕ್ಕಿಳಿದು, ಮುಸುರೆ ತೊಟ್ಟಿಯ ಕಡೆ ಹೊರಟಿತು.

ಆಮೇಲೆ ಬಾಗಿಲ ಹತ್ತಿರ ಏನೋ ಸದ್ದಾಯಿತು. ಕುರ್ಚಿ ಸರಿದ ಹಾಗೆ. ಟೈಲರಮ್ಮ "ಅಯ್ಯೋ..." ಎಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದ ಹಾಗೆ. ಪಿಸುಮಾತು. ಯಾರೋ ಒಲೆ ಆರಿಸಿದ ಹಾಗೆ.

"ಯಾರದು?" ಎಂದ ಕನ್ನಡಕದಣ್ಣ.

"ಯಾರೂ ಇಲ್ಲ, ಕೊರಿಯರ್‌ನೋರು, ಮನೆ ತಪ್ಪಿ ಬಂದಿದ್ರು" ಎಂದರು ಟೈಲರಮ್ಮ. ಅವರ ದನಿಯಲ್ಲಿ ನಗು ತುಳುಕುತ್ತಿತ್ತು. ತನ್ನ ಬಿಲ್ಲೆಯ ವೇಷ ನೋಡಿ ಕೊರಿಯರಿನವನೂ ನಕ್ಕಿರಬೇಕು ಎಂದುಕೊಂಡು ಕನ್ನಡಕದಣ್ಣ ಸ್ವಲ್ಪ ಸೆಟೆದು ಕೂತ.

"ಭಾವ, ಮೂರನೇದು ಸರಿಹೋಯ್ತು" ಎಂದ ಭಾವಮೈದ. "ಈಗ ಗಮನ ಇಟ್ಟು ಕೇಳಿ. ಇದು ಬಹಳ ಒಳ್ಳೇ ಮಾಲು."

"ಹೊಗಳಬಾರದು, ನಿಯಮಕ್ಕೆ ವಿರುದ್ಧ" ಎಂದರು ಮೇಷ್ಟ್ರು. ಅವರಿಗೂ ಅದೇನೋ ಕೆಮ್ಮು ಬಂದಿತ್ತು.

ಹಾಡು ಬಂತು. ಮೋಟರು ಇರಲಿಲ್ಲ. ಡಬ್ಬದ ಬುದ್ಧಿ ಅದನ್ನು ತೆಗೆದುಹಾಕಿದೆ ಎಂದು ಕನ್ನಡಕದಣ್ಣ ತಲೆದೂಗಿದ. ಮೊದಲನೆಯ ಸಾಲು ಮುಗಿಯಿತು. ಎರಡನೆಯ ಸಾಲಿಗೆ ಅವನ ತುಟಿ "ನನ ನಾನ" ಎನ್ನಲು ಸಿದ್ಧವಾಗಿತ್ತು. ಆದರೆ ಡಬ್ಬ ಮಾತನ್ನೇ ಹಾಡಿಬಿಟ್ಟಿತು, ಇಡೀ ಸಾಲು, ಒಂದು ಪದ ಬಿಡದೆ. ಅವನ ಹುಬ್ಬು ಬಿಲ್ಲೆಯ ಮೇಲಕ್ಕೆ ಎದ್ದಿತು. ಹಾಡು ಮುಂದುವರಿಯಿತು. ಕೊನೆಕೊನೆಗೆ ದನಿ ಒಂದು ಕಡೆ ತಡವರಿಸಿ, ದಪ್ಪಗಾಗಿ, ನಿಂತುಹೋಯಿತು.

"ಹೂಂ, ಹೇಳಿ ಅಣ್ಣ" ಎಂದರು ಟೈಲರಮ್ಮ, ಮೆಲ್ಲಗೆ.

"ಎರಡು" ಎಂದ ಕನ್ನಡಕದಣ್ಣ.

"ಎರಡನೇ ಡಬ್ಬಾನಾ?"

"ಅಲ್ಲ. ಹತ್ತಕ್ಕೆ ಎರಡು. ಅದೂ ಆ ಡಬ್ಬ ಮಾಡಿದ ಕಂಪನಿಯೋರು ಬೇಜಾರು ಮಾಡ್ಕೋಬಾರ್ದು ಅಂತ."

ಹೊದಿಕೆಯ ಹಿಂದೆ ಏನೋ ಕೆಳಗೆ ಬಿತ್ತು.

"ಅಣ್ಣ, ಇನ್ನೊಂದ್ಸಲ ಕೇಳಿ ನೋಡಿ. ಸರಿಯಾಗಿ ಕೇಳ್ಸಿಲ್ಲ ನಿಮಗೆ" ಎಂದು ಟೈಲರಮ್ಮ ಗಾಬರಿಯಿಂದ ಅವನ ತೋಳು ಹಿಡಿದರು.

"ಮರುಮೌಲ್ಯಮಾಪನಕ್ಕೆ ಅವಕಾಶ ಇದೆ" ಎಂದರು ಮೇಷ್ಟ್ರು ಆತುರದಿಂದ. "ಜಾಣ ವಿದ್ಯಾರ್ಥಿಗಳು ಅದನ್ನ ಬಳಸ್ಕೊಳ್ತಾರೆ."

ಆದರೆ ಕನ್ನಡಕದಣ್ಣನಿಗೆ ಈಗ ಉತ್ಸಾಹ ಬಂದಿತ್ತು. ಇಷ್ಟು ತಿಂಗಳು ಆ ದನಿಯನ್ನು ಕೇಳಿ ಕೇಳಿ ಅರೆದು ಕುಡಿದವನು ಅವನು. ಅದರ ವಿಷಯದಲ್ಲಿ ಇವರಿಗೇನು ಗೊತ್ತು. ಬಿಲ್ಲೆಯ ಮುಖವನ್ನು ಮೇಷ್ಟ್ರ ದನಿ ಬಂದ ಕಡೆ ತಿರುಗಿಸಿ ಅವನು ಶುರುಮಾಡಿದ.

"ಯಾಕೆ ಅಂತ ಹೇಳ್ತೀನಿ ಕೇಳಿ ಮೇಷ್ಟ್ರೇ. ಮೊದಲನೇದು, ಇದು ಇಲ್ಲದ್ದನ್ನೆಲ್ಲ ಸೇರಿಸತ್ತೆ. ನಮ್ಮೋಳಿಗೆ ಎರಡನೇ ಸಾಲು ಬರಲ್ಲ. ಬರದೇ ಇರೋದೇ ಅದರ ಚಂದ. ಇದು ಎಲ್ಲಿಂದಲೋ ಕಲ್ತು ಬಂದು ಹಾಡತ್ತೆ. ನಂಗೆ ಇಂಥಾ ಜಾಣ ಡಬ್ಬ ಬೇಡ."

"ಅಣ್ಣ, ಸಾಕು."

"ತಾಳಿ. ಎರಡನೇದು, ದನಿಯಲ್ಲಿ ದಣಿವಿದೆ. ಎಲ್ಲಿಂದಲೋ ಬಸ್ಸಲ್ಲಿ ಬಂದು ಹಾಡಿದ ಹಾಗಿದೆ. ಮಧ್ಯದಲ್ಲಿ ನಗು ತಡ್ಕೊಂಡ ಹಾಗಿದೆ, ಕೊನೇಲಿ ಗಂಟಲು ಕಟ್ಟಿದ ಹಾಗಿದೆ. ಸ್ಪೀಕರಿಗೆ ಅದೆಲ್ಲ ಯಾಕೆ? ನೋಡಿ, ಎರಡನೇ ಡಬ್ಬದಲ್ಲಿ ಅವಳು ಹಾಡ್ತಾಳೆ. ಇದ್ರಲ್ಲಿ ಡಬ್ಬ ಹಾಡತ್ತೆ. ಅಷ್ಟೇ ವ್ಯತ್ಯಾಸ. ಇದನ್ನ ಎಲ್ಲಿಂದ ತಂದ್ರೋ ಅಲ್ಲಿಗೇ ವಾಪಸ್ ಕಳಿಸಿ."

ಮೇಷ್ಟ್ರು ಕೆಮ್ಮಿದರು. ಟೈಲರಮ್ಮ ಹಣೆ ಚಚ್ಚಿಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು. ಕನ್ನಡಕದಣ್ಣ ಇದಾವುದನ್ನೂ ಲೆಕ್ಕಿಸದೆ ಕಿವಿಯೂ ಕಣ್ಣಿನ ಹಾಗೇ ಹೇಗೆ ಮೋಸ ಹೋಗುತ್ತದೆ, ತನ್ನಂಥ ಪಳಗಿದವರ ಕಿವಿ ಹೇಗೆ ಮೋಸ ಹೋಗುವುದಿಲ್ಲ ಎಂದು ಉದಾಹರಣೆ ಸಮೇತ ವಿವರಿಸುತ್ತಲೇ ಹೋದ. ದೂರದೃಷ್ಟಿಯ ಗಾಜಿನಿಂದ ಹಿಡಿದು ಎರಡು ದೃಷ್ಟಿಯ ಗಾಜಿನವರೆಗೆ ಬಂದಿದ್ದ. ಆಗ ಹೊದಿಕೆಯ ಹಿಂದಿನಿಂದ ತಗ್ಗಿದ ದನಿಯೊಂದು ಕೇಳಿತು.

"ಹೂಂ ಮೇಡಂ. ಯೋಚನೆ ಮಾಡ್ದೆ. ಒಪ್ಪಿಗೆ ಇದೆ. ಇಲ್ಲ ಇಲ್ಲ, ಮನೇಲಿ ಯಾರದ್ದೂ ಅಭ್ಯಂತರ ಇಲ್ಲ."

ಕನ್ನಡಕದಣ್ಣನ ಮಾತು ಗಕ್ಕನೆ ನಿಂತಿತು. ಏನು ಹೇಳಿತು ಎಂಬುದು ಅವನಿಗೆ ಮುಟ್ಟಲೇ ಇಲ್ಲ, ದನಿ ಮುಟ್ಟಿತು. ಕುರ್ಚಿ ಹಿಂದಕ್ಕೆ ಉರುಳಿತು.

"ಇದು. ಇದು ಯಾವ ಡಬ್ಬ? ಇದೇ ನೋಡಿ ಅವಳ ದನಿ. ಪಕ್ಕದಲ್ಲೇ ನಿಂತ ಹಾಗಿದೆ. ಹತ್ತಕ್ಕೆ ಹತ್ತು. ಇದು ನಂಗೆ ಬೇಕು. ಕೇಳಿಸ್ತಾ, ಇದನ್ನ ಮಾತ್ರ ಎಲ್ಲಿಗೂ ಕಳಿಸ್ಬೇಡಿ, ಇಲ್ಲೇ ಇರ್ಲಿ" ಎನ್ನುತ್ತ ಅವನು ಬಿಲ್ಲೆಯ ಫ್ರೇಮನ್ನು ಕಿತ್ತು ಎಸೆದು, ಮುಂದೆ ನುಗ್ಗಿ, ಹೊದಿಕೆಯನ್ನು ಹಗ್ಗದ ಸಮೇತ ಎಳೆದ.

ಭಾವಮೈದ ಬಿಚ್ಚಿದ ಮೂರನೆಯ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದ. ಅವನ ಪಕ್ಕದಲ್ಲಿ ಅವಳು ನಿಂತಿದ್ದಳು. ಹೆಗಲ ಮೇಲೆ ಇನ್ನೂ ಪ್ರಯಾಣದ ಚೀಲ. ಸೀರೆಯ ಅಂಚಿಗೆ ಉಕ್ಕಿದ ಹಾಲಿನ ಕಲೆ. ಕೈಯಲ್ಲಿದ್ದ ಫೋನನ್ನು ಅವಳು ಆಗತಾನೆ ಕಿವಿಯಿಂದ ಇಳಿಸಿದ್ದಳು.

ಮೇಷ್ಟ್ರಿಗೆ ಮನೆಯಲ್ಲಿ ತುರ್ತು ಕೆಲಸ ನೆನಪಾಯಿತು. ಟೈಲರಮ್ಮ ಬ್ಲೌಸಿನ ನೆಪ ಹೇಳಿ ಹೊರಟರು. ಹೋಗುತ್ತ ಹೋಗುತ್ತ, "ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳ್ತಾ ಇರ್ಲಿಲ್ಲ ದೊಡ್ಡೋರು" ಎಂದು ಗೊಣಗಿದರು. ಭಾವಮೈದ ಒಂದು ಡಬ್ಬವನ್ನೂ ಎತ್ತಿಕೊಳ್ಳದೆ, "ಅಕ್ಕ, ನಾನು ಆಮೇಲೆ ಬರ್ತೀನಿ" ಎಂದು ಚಪ್ಪಲಿ ಕೈಯಲ್ಲಿ ಹಿಡಿದೇ ಮೆಟ್ಟಿಲಿಳಿದ.

"ನೀನೇನಾ ಹಾಡಿದ್ದು?" ಎಂದ ಕನ್ನಡಕದಣ್ಣ.

"ಅಲ್ಲ, ಡಬ್ಬ" ಎಂದಳು ಅವಳು. "ಒಳಗೆ ಬರ್ತಿದ್ದ ಹಾಗೇ ನನ್ನ ದನಿ ಕೇಳ್ತು. ನೋಡಿದ್ರೆ ನೀವು ಕಣ್ಣಿಗೆ ಅದೇನೋ ಹಾಕ್ಕೊಂಡು, ಕೈ ಮುಂದೆ ಚಾಚ್ಕೊಂಡು ಕೂತಿದೀರಿ. ಟೈಲರಮ್ಮ ಎಲ್ಲ ಹೇಳಿದ್ರು. ನಂಗೆ ನಗೂನೂ ಬಂತು, ಅಳೂನೂ ಬಂತು. ಒಂದು ಸಾಲು ಹಾಡೋದ್ರೊಳಗೆ ಕಂಡುಹಿಡೀತೀರಿ ಅಂದ್ಕೊಂಡೆ. ಆ ಎರಡನೇ ಸಾಲನ್ನ ಅಲ್ಲಿ ಒಬ್ಬ ಹುಡುಗಿ ಹತ್ರ ಕಲ್ತಿದ್ದೆ, ನಿಮಗೆ ಕೇಳ್ಸೋಣ ಅಂತ."

"ಫೋನಲ್ಲಿ ಯಾರು?"

"ಮೇಡಂ. ಇನ್ನೊಂದು ವರ್ಷ ಅಲ್ಲೇ ಇರ್ತೀನಿ ಅಂತ ಹೇಳ್ದೆ."

ಅವನು ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಲು ಹೋಗಿ ಅದರ ಪಕ್ಕದಲ್ಲಿ ನೆಲದ ಮೇಲೆಯೇ ಕೂತುಬಿಟ್ಟ.

"ಬೇಡ ಅಂತ ಹೇಳೋಕೇ ಹೊರಟಿದ್ದೆ ನಾನು" ಎಂದಳು ಅವಳು, ಚೀಲ ಇಳಿಸುತ್ತ. "ನಿಮ್ಮ ಬಾಯಿಂದ ಒಂದು ಮಾತು ಕೇಳಿ ಆಮೇಲೆ ಹೇಳೋಣ ಅಂತ ಬಂದೆ. ಕೇಳ್ದೆ. ಎಲ್ಲಿಂದ ತಂದ್ರೋ ಅಲ್ಲಿಗೇ ವಾಪಸ್ ಕಳಿಸಿ ಅಂದ್ರಿ."

"ಇನ್ನೊಂದ್ಸಲ ಫೋನ್ ಮಾಡು. ಬೇಡ ಅನ್ನು."

"ಇನ್ನಾಗಲ್ಲ, ನನ್ನ ಒಪ್ಪಿಗೆಗೇ ಕಾದು ಕೂತಿದ್ರು. ನಾನು ಫೋನಲ್ಲಿದ್ದ ಹಾಗೇ ದೊಡ್ಡೋರಿಗೆ ಹೇಳಿ, ಇಲ್ಲಿ ನನ್ನ ಜಾಗಕ್ಕೆ ಬೇರೆಯವರನ್ನ ಹಾಕಾಯ್ತಂತೆ. ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಡ್ಬೇಕು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತು ಬಾಯಿಯವರೆಗೂ ಬಂದಿತ್ತು. ಬಾಯಿಗೆ ಮಾತಾಡುವುದು ಮುಗಿದಿರಲಿಲ್ಲ, ಅಷ್ಟೇ. ಕನ್ನಡಕದಣ್ಣ ನೆಲದ ಮೇಲೆ ಕೂತಲ್ಲಿಂದಲೇ ಅವಳನ್ನು ನೋಡಿದ. ಸ್ವಲ್ಪ ಇಳಿದುಹೋಗಿದ್ದಾಳೆ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಇದಾವುದೂ ಎರಡನೆಯ ಡಬ್ಬದಲ್ಲಿ ಕೇಳಿರಲಿಲ್ಲ. ಇನ್ನು ನಾಚಿಕೆಪಟ್ಟುಕೊಳ್ಳಲು ಏನೂ ಉಳಿದಿಲ್ಲ ಎನಿಸಿತು.

"ನಂಗೆ ನೀನು ಬೇಕು ಕಣೆ" ಎಂದ. "ನೀನಿಲ್ಲದೆ ಈ ಮನೇಲಿ ಆಗಲ್ಲ. ಊಟ ತಿಂಡಿ ನಡೀತಿದೆ ಅಂದಿದ್ದು ಸುಳ್ಳು. ನಡಿಯೋದೇನೋ ನಡಿಯತ್ತೆ, ರುಚಿಯೇ ಇಲ್ಲ. ಹೋಗ್ಬೇಡ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಹೊದಿಕೆಯ ರಾಶಿಯ ಮೇಲೆ ಅವನೆದುರು ಕೂತು, ಕೈಯಲ್ಲಿದ್ದ ಫೋನಿನ ಮೇಲೆ ಏನನ್ನೋ ಒತ್ತಿ ಅವನ ಬಾಯಿಯ ಮುಂದೆ ಹಿಡಿದಳು.

"ಇನ್ನೊಂದ್ಸಲ ಹೇಳಿ."

"ಯಾಕೆ?"

"ಅಲ್ಲಿ ಇಡೀ ವರ್ಷ ಕೇಳ್ಬೇಕಲ್ಲ."

ಅವನು ಗಂಟಲು ಸರಿಮಾಡಿಕೊಂಡು ಮೊದಲಿಂದ ಶುರುಮಾಡಿದ.

"ಸ್ವಲ್ಪ ಹತ್ರ ಬನ್ನಿ. ಸರಿಯಾಗಿ ಕೇಳಿಸ್ತಾ ಇಲ್ಲ" ಎಂದಳು ಅವಳು.